ನಲವತ್ತೊಂದು ಕೆಂಪು ಗುರುತು

ಆಗಸ್ಟ್ 3, ಭಾನುವಾರ

ಹದಿನೇಳನೇ ಟಿ ಬರೆಯುವ ಹೊತ್ತಿಗೆ ಬ್ರಷ್ಷಿನ ಕೂದಲು ಉದುರಿ ಹೋಯಿತು. ಹೊಸ ಬ್ರಷ್ ಚೀಲದಲ್ಲಿತ್ತು. ಮನೆಯಲ್ಲಿಟ್ಟು ಬಂದ ಚೀಲದಲ್ಲಿ. ಉಳಿದ ಆರನ್ನು ಬೆರಳಲ್ಲೇ ಬರೆದೆ. ಈಗ ಬಲಗೈ ನೋಡಿದರೆ ಯಾರನ್ನೋ ಮುಗಿಸಿ ಬಂದವನ ಹಾಗಿದ್ದೇನೆ.

ಚಳಿಗಾಲದಲ್ಲಿ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುತ್ತೇನೆ. ಬೇಸಿಗೆಯಲ್ಲಿ ಬೆಟ್ಟದ ಕಲ್ಲುಗುಪ್ಪೆಗಳಿಗೆ ಕೆಂಪು ಟಿ ಅಕ್ಷರ ಬರೆಯುತ್ತೇನೆ, ನಡೆದು ಬರುವವರಿಗೆ ದಾರಿಯ ಗುರುತು. ಎರಡೂ ದಾರಿ ತೋರಿಸುವ ಕೆಲಸವೇ. ಮೊದಲನೆಯದಕ್ಕೆ ಸಂಬಳವಿದೆ, ಎರಡನೆಯದಕ್ಕೆ ಸೊಳ್ಳೆ ಇದೆ. ಹದಿನೇಳು ಬೇಸಿಗೆ ಆಯಿತು. ಐದು ಸರೋವರದ ಸುತ್ತುದಾರಿ ಊರಿನಿಂದ ಹೊರಟು ಮೂರನೇ ದಿನ ಊರಿಗೇ ತಂದು ಬಿಡುತ್ತದೆ. ಹೋದ ದಾರಿಯಲ್ಲೇ ವಾಪಸ್ ಬರುವಂತಿಲ್ಲ ಎನ್ನುವುದೇ ಅದರ ಸೊಗಸು.

ಈ ವರ್ಷ ಸುತ್ತು ಸುತ್ತಾಗಿ ಉಳಿದಿಲ್ಲ. ಮೇ ತಿಂಗಳ ನೆರೆಗೆ ಎರಡನೇ ಸರೋವರದಾಚೆಯ ಸೇತುವೆ ಕೊಚ್ಚಿಹೋಯಿತು. ಜೂನ್‌ನಲ್ಲಿ ಊರವರನ್ನು ಶ್ರಮದಾನಕ್ಕೆ ಕರೆದೆವು. ಬಂದವರು ಮೂರು ಜನ, ಅವರಲ್ಲಿ ಒಬ್ಬ ನಾನು. ಚಾರಣ ಸಂಘದ ಕಾರ್ಯದರ್ಶಿ ರಾಗ್ನಾ ಇವತ್ತು ಫೋನ್ ಮಾಡಿದಳು.

“ಹಾಲ್ವಾರ್, ಮೂವತ್ತನೇ ತಾರೀಖಿಗೆ ಹೊಸ ನಕ್ಷೆ ಪ್ರಿಂಟಿಗೆ ಹೋಗುತ್ತೆ. ಸೇತುವೆ ಇಲ್ಲ ಅಂದ್ರೆ ದಾರೀನ ಮೂರನೇ ಸರೋವರದ ಉತ್ತರ ದಂಡೆಗೆ ತಿರುಗಿಸು. ಅದೂ ಆಗಲ್ಲ ಅಂದ್ರೆ ಸುತ್ತುದಾರೀನೇ ತೆಗೆದುಹಾಕ್ತೀವಿ. ಎರಡು ತುಂಡು ದಾರಿ ಅಂತ ಹಾಕ್ತೀವಿ.”

ತುಂಡು ದಾರಿ! ಮಗುವನ್ನು ಎರಡು ತುಂಡು ಮಾಡಿ ಎಂದಂತೆ ಕೇಳಿಸಿತು.

ಸಂಜೆ ದೊಡ್ಡಮ್ಮನ ಮನೆಯಲ್ಲಿ ಕಾಫಿ. ಗುನ್ವೋರ್ ದೊಡ್ಡಮ್ಮನಿಗೆ ಎಪ್ಪತ್ತೊಂಬತ್ತು. ಜೂನ್‌ನಲ್ಲಿ ಮೊಣಕಾಲಿನ ಆಪರೇಷನ್ ಆಗಿದೆ. ವಿಷಯ ಹೇಳಿದೆ. ಚಮಚ ತಿರುಗಿಸುವುದು ನಿಂತಿತು.

“ಉತ್ತರ ದಂಡೆನಾ? ಬೇಡಪ್ಪ ಬೇಡ. ಅಲ್ಲಿ ಸೊಳ್ಳೆ.”

“ಸೊಳ್ಳೆ ಎಲ್ಲಾ ಕಡೆ ಇದೆ ದೊಡ್ಡಮ್ಮ.”

“ಅಲ್ಲೀದು ಬೇರೆ ಜಾತಿ. ಕಚ್ಚಿದ್ರೆ ವಾರ ಊದಿರುತ್ತೆ. ಮತ್ತೆ ಜೌಗು ನೆಲ, ಸೊಂಟದವರೆಗೂ ಹೂತ್ಕೋತಾರೆ. ಮತ್ತೆ... ನೋಟನೂ ಚೆನ್ನಾಗಿಲ್ಲ.”

“ನೀವು ಯಾವಾಗ ಹೋಗಿದ್ರಿ ಅಲ್ಲಿಗೆ?”

“ನಾನಾ? ನಾನ್ಯಾಕೆ ಹೋಗ್ಲಿ ಅಲ್ಲಿಗೆ!”

ಅಷ್ಟು ಸಾಕು. ಮುಂದೆ ಕೇಳಲಿಲ್ಲ. ಕೇಳುವಂತಿಲ್ಲ. ಬೆಟ್ಟದಲ್ಲಿ ತಾನೇ ಬೆಳೆಯುವ ಮುಲ್ತೆ ಹಣ್ಣು ಎಲ್ಲಿ ಸಿಕ್ಕಿತು ಎಂದು ನಮ್ಮ ಕಣಿವೆಯಲ್ಲಿ ಕೇಳುವುದು, ಒಬ್ಬರ ಹಲ್ಲಿನ ಸೆಟ್ ಒಂದು ದಿನದ ಮಟ್ಟಿಗೆ ಕೊಡಿ ಎಂದು ಕೇಳಿದ ಹಾಗೆ. ಅರವತ್ತೊಂದು ವರ್ಷದಿಂದ ಪ್ರತಿ ಆಗಸ್ಟಿನಲ್ಲೂ ದೊಡ್ಡಮ್ಮ ಬೆಳಗಿನ ಜಾವ ದಕ್ಷಿಣಕ್ಕೆ ಹೊರಟು, ಸಂಜೆ ಪಶ್ಚಿಮದಿಂದ ಎರಡು ಬಕೆಟ್ ತುಂಬಿಕೊಂಡು ಬರುತ್ತಿದ್ದಳು. ನಡುವಿನ ಹನ್ನೆರಡು ಗಂಟೆ ದೇವರಿಗೂ ಗೊತ್ತಿಲ್ಲ. ಈ ವರ್ಷ ಕಾಲು ಏಳುವುದಿಲ್ಲ. “ಅಂಗಡಿ ಜಾಮ್ ತಿಂತೀನಿ ಬಿಡು” ಎಂದಳು, ಹುಲ್ಲು ತಿನ್ನುತ್ತೇನೆ ಎನ್ನುವ ದನಿಯಲ್ಲಿ.


ಆಗಸ್ಟ್ 6, ಬುಧವಾರ. ಟೆಂಟ್, ಮೂರನೇ ಸರೋವರದ ತಲೆ

ಬೆಳಿಗ್ಗೆ ಐದಕ್ಕೇ ಎಚ್ಚರ. ಗಾಳಿ ಇನ್ನೂ ಎದ್ದಿರಲಿಲ್ಲ. ನೀರು ಎಷ್ಟು ಸ್ಥಿರವಾಗಿತ್ತೆಂದರೆ ಎದುರು ಬೆಟ್ಟ ಎರಡಿದ್ದವು, ಯಾವುದು ನಿಜ ಎಂದು ನೋಡಲು ಒಂದು ಕಲ್ಲು ಎಸೆಯಬೇಕಾಯಿತು. ಎಸೆದ ಮೇಲೆ ಬೇಸರವಾಯಿತು. ಅಷ್ಟು ಚೆಂದವಾಗಿ ನಿಂತದ್ದನ್ನು ಕದಡಬಾರದಿತ್ತು.

ಉತ್ತರ ದಂಡೆಗೆ ಇದೇ ಮೊದಲು. ಹದಿನೇಳು ವರ್ಷ ಎದುರು ದಂಡೆಯಲ್ಲಿ ನಡೆದು ಇದನ್ನು ಬರೀ ಒಂದು ಗೆರೆ ಎಂದುಕೊಂಡಿದ್ದೆ. ಗೆರೆಯೊಳಗೆ ಇಷ್ಟೊಂದು ಇದೆ! ಒಬ್ಬನೇ ಕೂರುವಷ್ಟು ಸಣ್ಣ ಮರಳದಂಡೆಗಳು. ಬಂಡೆಯ ಸಂದಿಯಲ್ಲಿ ನೇರಳೆ ಬಣ್ಣದ ಬ್ಲೂಬೆರಿ, ಬಗ್ಗದೆಯೇ ತಿನ್ನಬಹುದು. ತಿಂದೆ. ಈಗ ಹಲ್ಲೂ ನೀಲಿ, ಕೈಯೂ ಕೆಂಪು. ಬಿಳಿ ಅಂಗಿ ಹಾಕಿಕೊಂಡು ನಿಂತರೆ ನಮ್ಮ ದೇಶದ ಮೂರು ಬಣ್ಣದ ಬಾವುಟವಾದೇನು. ಹಿಮಸಾರಂಗ ಒಂದು ಮರಿಯ ಜೊತೆ ನೀರಿಗಿಳಿದು ನನ್ನನ್ನು ನೋಡಿ, ಇವನಾ, ಎನ್ನುವ ಹಾಗೆ ಮುಖ ತಿರುಗಿಸಿತು.

ದಾರಿಗೆ ಹೇಳಿ ಮಾಡಿಸಿದ ನೆಲ. ಗಟ್ಟಿ, ಸಮ. ಸೊಂಟದವರೆಗೂ ಹೂತುಹೋಗುವ ಜೌಗು ಎಲ್ಲೂ ಇಲ್ಲ.

ಹನ್ನೊಂದರ ಸುಮಾರಿಗೆ ಸಣ್ಣ ದಿಬ್ಬ ದಾಟಿದೆ. ನಿಂತೆ.

ಮುಲ್ತೆ. ಬಯಲಿನ ತುಂಬ. ಕಾಯಾಗಿದ್ದಾಗ ಕೆಂಪು, ಹಣ್ಣಾದರೆ ಜೇನಿನ ಬಣ್ಣ. ಎಲ್ಲವೂ ಜೇನಿನ ಬಣ್ಣದಲ್ಲೇ ಇದ್ದವು. ಒಂದು ದಂಟಿಗೆ ಒಂದೇ ಹಣ್ಣು, ಬಿಸಿಲು ಒಳಗೆ ಹೊಕ್ಕು ಹೊರಗೆ ಬರುವುದನ್ನು ಮರೆತಂತೆ. ಪಾಚಿಯ ಮೇಲೆ ಯಾರ ಹೆಜ್ಜೆಯೂ ಇಲ್ಲ. ಟೋಪಿ ತೆಗೆದೆ. ಯಾಕೆ ತೆಗೆದೆನೋ ಗೊತ್ತಿಲ್ಲ, ಚರ್ಚಿನಲ್ಲೂ ನನಗೆ ಅದು ನೆನಪಾಗುವುದಿಲ್ಲ.

ಆಮೇಲೆ ಅರ್ಥವಾಯಿತು. ಸೊಳ್ಳೆ, ಜೌಗು, ಚೆನ್ನಾಗಿಲ್ಲದ ನೋಟ. ಅರವತ್ತೊಂದು ವರ್ಷದ ಎರಡು ಬಕೆಟ್. ನಾನು ದಾರಿ ಎಳೆಯಬೇಕಾದ ಗೆರೆ ಇದರ ನಡುವೆಯೇ ಹೋಗುತ್ತದೆ.

ಒಂದು ಹಣ್ಣೂ ಮುಟ್ಟಲಿಲ್ಲ. ದಡದಲ್ಲಿ ಕೂತು ಬ್ರೆಡ್ಡು, ಕಂದು ಚೀಸ್ ತಿಂದೆ. ಇದನ್ನು ಬರೆದೆ:

ಎಲೆಗೊಂದು ದೀಪ, ದೀಪಕ್ಕೊಂದು ದಂಟು;
ಮುಟ್ಟದೆ ಬಂದೆ ನೋಡು, ಬೆರಳಿಗಿಲ್ಲ ಅಂಟು.


ಆಗಸ್ಟ್ 8, ಶುಕ್ರವಾರ

ತೀರ್ಮಾನ ಮಾಡಿದೆ. ದಂಡೆ ಬಿಟ್ಟು ದಾರಿಯನ್ನು ಮೇಲೆ ತಿರುಗಿಸುವುದು. ಬೆಟ್ಟದ ಏಣು ಹತ್ತಿ, ಆಚೆ ಬರ್ಚ್ ಪೊದೆಗಳ ಕುಳಿಗೆ ಇಳಿದು, ಅಲ್ಲಿಂದ ನೇರ ಚಾರಣಿಗರು ತಂಗುವ ಗುಡಿಸಲಿಗೆ. ಬೇರೆ ದಾರಿ ಇಲ್ಲ, ಉಳಿದದ್ದೆಲ್ಲ ಕಡಿದಾದ ಬಂಡೆ. ಎರಡು ಕಿಲೋಮೀಟರ್ ಹೆಚ್ಚು. ನೂರೈವತ್ತು ಮೀಟರ್ ಏರು. ಕಾರಣ: ಏನಿಲ್ಲ.

ಹದಿನೇಳು ವರ್ಷದಲ್ಲಿ ಒಂದೂ ಸುಳ್ಳು ಟಿ ಬರೆದವನಲ್ಲ. ಮಂಜಿನಲ್ಲಿ ಸಿಕ್ಕಿಕೊಂಡವನು ಅದನ್ನು ನಂಬಿ ಹೆಜ್ಜೆ ಇಡುತ್ತಾನೆ. ಅದಕ್ಕಿಂತ ದೊಡ್ಡ ಮರ್ಯಾದೆ ಹಿಮ ತಳ್ಳುವವನಿಗೆ ಎಲ್ಲಿ ಸಿಗಬೇಕು?

ಇವತ್ತು ಮಂಜು. ಹತ್ತು ಹೆಜ್ಜೆ ಆಚೆ ಏನೂ ಕಾಣದು. ಕುಳಿಯಲ್ಲಂತೂ ಕೈಯ ಬ್ರಷ್ಷೇ ಕಾಣಲಿಲ್ಲ. ಅದಕ್ಕೇ ಅಲ್ಲಿ ಗುರುತು ಒತ್ತೊತ್ತಾಗಿ ಹಾಕಿದೆ, ಯಾರೂ ತಪ್ಪಿಸಿಕೊಳ್ಳಬಾರದು. ಒಟ್ಟು ನಲವತ್ತೊಂದು. ಸುಳ್ಳು ಹೇಳಿದರೂ ಅಚ್ಚುಕಟ್ಟಾಗಿ ಹೇಳಬೇಕು.

ಗುಡಿಸಲಿನಲ್ಲಿ ಬಂದುಹೋಗುವವರು ಬರೆಯುವ ಪುಸ್ತಕದಲ್ಲಿ ಬರೆದಿಟ್ಟೆ:

ಏಣು ಹತ್ತಿಸಿದ್ದಕ್ಕೆ ಬೈಯಬೇಡಿ ಅಣ್ಣ,
ಮೇಲಿಂದ ನೋಡಿದರೆ ನೀರಿಗೆ ಏಳು ಬಣ್ಣ.

ಮಂಜಿನಲ್ಲಿ ಬಣ್ಣ ಒಂದೇ ಇತ್ತು. ಅದು ಬೇರೆ ಮಾತು.


ಆಗಸ್ಟ್ 12, ಮಂಗಳವಾರ

ದೊಡ್ಡಮ್ಮನಿಗೆ ಹೇಳಿದೆ. ಹೇಳದೆ ಹೇಳಿದೆ.

“ದಾರಿ ದಂಡೇಲಿ ಹಾಕ್ಲಿಲ್ಲ ದೊಡ್ಡಮ್ಮ. ಮೇಲಿಂದ ತಗೊಂಡ್ಹೋದೆ. ಇನ್ನು ದಂಡೆ ಕಡೆ ಒಂದು ನರಪಿಳ್ಳೆ ಬರಲ್ಲ.”

ಕಣ್ಣು ಹೊಡೆದೆ ಎನಿಸುತ್ತದೆ. ಹೊಡೆಯಬಾರದಿತ್ತು.

“ಮೇಲಿಂದ ಅಂದ್ರೆ?”

“ಏಣು ಹತ್ತಿ, ಆಚೆ ಬರ್ಚ್ ಕುಳಿ ಇದೆಯಲ್ಲ, ಅದರ ಮಧ್ಯ.”

“ಮಧ್ಯನೇ?”

“ಮಧ್ಯನೇ. ಒತ್ತೊತ್ತಾಗಿ ಗುರುತು ಹಾಕಿದೀನಿ. ಕುರುಡನೂ ತಪ್ಪಿಸ್ಕೊಳ್ಳಲ್ಲ.”

ಅವಳು ಲೋಟ ಕೆಳಗಿಟ್ಟಳು. ಕಿಟಕಿಯ ಕಡೆ ನೋಡಿದಳು. “ಒಳ್ಳೇದಪ್ಪ” ಎಂದಳು. ಎರಡನೇ ದೋಸೆ, ಅದೇ ವಾಫಲ್, ಹಾಕಲೇ ಇಲ್ಲ. ಮರೆತಿರಬೇಕು. ಕೃತಜ್ಞತೆಯಲ್ಲಿ ಮನುಷ್ಯರಿಗೆ ಹಾಗಾಗುತ್ತದೆ.

ಮನೆಗೆ ಬರುವಾಗ ಶಿಳ್ಳೆ ಹಾಕಿಕೊಂಡು ಬಂದೆ.


ಆಗಸ್ಟ್ 15, ಶುಕ್ರವಾರ

ವಿಚಿತ್ರ. ಐಲಿಫ್ ಮಾವ ಬಂದಿದ್ದರು. ದೊಡ್ಡಮ್ಮನ ಪಕ್ಕದ ಮನೆ, ಎಪ್ಪತ್ತೈದು ವಯಸ್ಸು. ಅವರಿಬ್ಬರ ನಡುವೆ ಮಾತಿಲ್ಲ. ನಾನು ಹುಟ್ಟುವ ಮುಂಚಿನಿಂದ ಇಲ್ಲ. ಯಾಕೆ ಎಂದು ಕಣಿವೆಯಲ್ಲಿ ಯಾರಿಗೂ ಗೊತ್ತಿಲ್ಲ. ಹಣ್ಣಿನ ಪೈಪೋಟಿ ಎನ್ನುತ್ತಾರೆ.

ಕೈಯಲ್ಲಿ ಎರಡು ಟ್ರೌಟ್ ಮೀನು. ನನಗಂತೆ.

“ದಾರಿ ಚೆನ್ನಾಗಿ ಮಾಡಿದೀಯ ಕಣೋ.”

ಐಲಿಫ್ ಮಾವ ಯಾರನ್ನೂ ಹೊಗಳಿದ್ದು ನಾನು ಕೇಳಿಲ್ಲ. ಅವರ ಹೆಂಡತಿಯ ಅಂತ್ಯಕ್ರಿಯೆಯಲ್ಲೂ “ಸರಿಯಾಗೇ ಇದ್ಲು” ಎಂದು ಕೂತಿದ್ದರು.

“ನಡೆದು ನೋಡಿದ್ರಾ ಮಾವ?”

“ಇಲ್ಲಪ್ಪ, ದೂರದಿಂದ. ಬೈನಾಕ್ಯುಲರ್‌ನಲ್ಲಿ. ಚೆನ್ನಾಗಿದೆ.”

ಮೀನಿನ ಬಾಲವನ್ನೇ ನೋಡುತ್ತ ಮತ್ತೊಮ್ಮೆ “ಚೆನ್ನಾಗಿದೆ” ಎಂದರು. ಬಾಗಿಲವರೆಗೆ ಹೋಗಿ ತಿರುಗಿದರು.

“ಗುನ್ವೋರ್ ಏನಂದ್ಲು?”

“ಒಳ್ಳೇದು ಅಂದ್ರು.”

“ಹಂಗಂದ್ಲಾ...” ಸಂತೋಷವಾದವರ ಹಾಗೆ ಕಾಣಲಿಲ್ಲ. ಹೋದರು.

ಮೀನು ಚೆನ್ನಾಗಿತ್ತು. ಬೆಣ್ಣೆ, ಹುಳಿಕೆನೆ, ಹೊಸ ಆಲೂಗಡ್ಡೆ. ಅವರ ಮಾತು ಮಾತ್ರ ಮುಳ್ಳಿನ ಹಾಗೆ ಗಂಟಲಲ್ಲೇ ಇದೆ.


ಆಗಸ್ಟ್ 19, ಮಂಗಳವಾರ. ಗುಡಿಸಲು

ಸೌದೆ ಒಡೆದಿಡಲು ಬಂದೆ. ಆಮೇಲೆ ಪುಸ್ತಕ ತೆಗೆದೆ. ಯಾರಾದರೂ ಪ್ರಾಸಕ್ಕೆ ಪ್ರಾಸ ಕಟ್ಟಿರಬಹುದು ಎಂಬ ಆಸೆ.

‘ಗುರುತು ಹಾಕಿದವನಿಗೆ ಜ್ವರ ಇತ್ತೇ?’ ಒಬ್ಬ.

‘ಏಳು ಬಣ್ಣ ಎಣಿಸಿದೆವು. ಬೂದು, ತಿಳಿಬೂದು, ಕಡುಬೂದು, ಮತ್ತೆ ಬೂದು.’ ಇವನು ಪರವಾಗಿಲ್ಲ.

ಆಮೇಲೆ ಇದು. ಪಟ್ಟಣದ ಒಂದು ಕುಟುಂಬ, ಭಾನುವಾರ, ದುಂಡು ಅಕ್ಷರ: ‘ಬರ್ಚ್ ಕುಳಿಯಲ್ಲಿ ಕೆಂಪು ಟಿ ಪಕ್ಕದಲ್ಲೇ ಮುಲ್ತೆ! ಜೀವನದಲ್ಲೇ ಇಷ್ಟು ದಪ್ಪ ಹಣ್ಣು ನೋಡಿಲ್ಲ. ಐದು ಲೀಟರ್ ಕಿತ್ತೆವು. ಇಲ್ಲಿಗೆ ಕರೆತಂದ ಗುರುತುಗಾರರಿಗೆ ನಮ್ಮ ಮಕ್ಕಳ ಕಡೆಯಿಂದ ಅಪ್ಪುಗೆ.’ ಕೆಳಗೆ ಹಣ್ಣಿನ ಚಿತ್ರ. ಪಕ್ಕದಲ್ಲಿ ಟಿ.

ಕೊಡಲಿ ಅಲ್ಲೇ ಬಿಟ್ಟು ಓಡಿದೆ. ನಲವತ್ತು ನಿಮಿಷದ ದಾರಿ, ಇಪ್ಪತ್ತರಲ್ಲಿ.

ಬಿಸಿಲಿನಲ್ಲಿ ಕುಳಿಯನ್ನು ನೋಡಿದ್ದು ಇದೇ ಮೊದಲು. ನಡುವೆ ಕಣ್ಣಿನ ಗೊಂಬೆಯಂಥ ಸಣ್ಣ ಕೊಳ. ಸುತ್ತ ಪಾಚಿ, ಪಾಚಿಯ ಸುತ್ತ ಕುಳ್ಳ ಬರ್ಚ್ ಗಾಳಿಗೆ ಬೆನ್ನು ಕೊಟ್ಟು ಕಾವಲಿಗೆ ನಿಂತ ಹಾಗೆ. ದಾರಿಯ ಬದಿಯೆಲ್ಲ ಖಾಲಿ ದಂಟು, ಬೂಟಿನ ಗುಂಡಿ. ಪೊದೆಯೊಂದರ ಬುಡದಲ್ಲಿ ಕೂರಲು ಒಂದು ಚಪ್ಪಟೆ ಕಲ್ಲು. ಕಲ್ಲಿನ ಮೇಲೆ ಸವೆದ ಎರಡು ಗುಂಡನೆಯ ಗುರುತು. ಒಂದು ಬಕೆಟ್ಟಿನ ತಳದಷ್ಟು ಅಗಲ. ಪಕ್ಕದಲ್ಲಿ ಇನ್ನೊಂದು.

ಅರವತ್ತೊಂದು ವರ್ಷ ಇಟ್ಟರೆ ಕಲ್ಲೂ ಸವೆಯುತ್ತದೆ.

ದಂಡೆಯದು ದೊಡ್ಡಮ್ಮನದಲ್ಲ. ಇದು ಅವಳದು. ಯಾರದೋ ಬಯಲನ್ನು ಉಳಿಸಲು ನಾನು ಊರನ್ನೆಲ್ಲ ಇದರ ನಡುವೆ ನಡೆಸಿದ್ದೇನೆ. ಒತ್ತೊತ್ತಾಗಿ. ಕುರುಡನೂ ತಪ್ಪಿಸಿಕೊಳ್ಳದ ಹಾಗೆ.


ಆಗಸ್ಟ್ 20, ಬುಧವಾರ

ಬೆಳಿಗ್ಗೆ ಎಂಟಕ್ಕೇ ಅವಳ ಬಾಗಿಲಲ್ಲಿದ್ದೆ. ರಾತ್ರಿಯೆಲ್ಲ ಮಾತು ಜೋಡಿಸಿದ್ದೆ. ಗೊತ್ತಾಯಿತು ಎಂದು ಹೇಳುವುದೂ ನಮ್ಮಲ್ಲಿ ಒಂದು ಅವಮಾನವೇ.

“ಒಳಗೆ ಬಾ” ಎಂದಳು. “ಮುಖ ನೋಡಿದ್ರೆ ಗೊತ್ತಾಗುತ್ತೆ. ಎಷ್ಟು ಕಿತ್ರು?”

“ಐದು ಲೀಟರ್.”

“ಅಷ್ಟೇನಾ? ಕಣ್ಣೇ ಇಲ್ಲ ಅವರಿಗೆ.”

“ದೊಡ್ಡಮ್ಮ, ನಾನು ದಂಡೇದು ನಿಮ್ದು ಅಂದ್ಕೊಂಡೆ...”

“ಅಂದ್ಕೋತೀಯ. ನಿನ್ನ ತಲೇಲಿ ಹಿಮ ತುಂಬ್ಕೊಂಡಿದೆ, ಅದನ್ನ ಯಾರೂ ತಳ್ಳಿಲ್ಲ.”

“ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ! ಕುಳಿ ಬೇಡ ಅಂತ.”

“ಹೇಳಿದ್ರೆ ಅದು ಜಾಗ ಅಲ್ಲ ಕಣೋ, ವಿಳಾಸ.”

ಅವಳು ಒಲೆಯ ಕಡೆ ತಿರುಗಿ, ಬೆನ್ನು ನನಗೆ ಕೊಟ್ಟು, ಮಾತಾಡಿದಳು. ಇಷ್ಟು ಮಾತನ್ನು ಅವಳಿಂದ ಒಟ್ಟಿಗೆ ಕೇಳಿದ್ದು ಇದೇ ಮೊದಲು.

“ದಂಡೇದು ಐಲಿಫಂದು. ಐವತ್ತು ವರ್ಷದಿಂದ ಗೊತ್ತು ನನಗೆ. ಒಂದು ಹಣ್ಣು ಮುಟ್ಟಿಲ್ಲ. ನಂದು ಅವನಿಗೆ ಗೊತ್ತು. ಅವನೂ ಮುಟ್ಟಿಲ್ಲ. ಒಂದ್ಸಲ ಏಣಿನ ಮೇಲೆ ಎದುರುಬದುರಾಗಿ ಸಿಕ್ಕಿದ್ವಿ, ನನ್ನ ಕೈಲೂ ತುಂಬಿದ ಬಕೆಟ್, ಅವನ ಕೈಲೂ ತುಂಬಿದ ಬಕೆಟ್. ಅವತ್ತಿಂದ ಮಾತಿಲ್ಲ.”

“ಜಗಳಾನಾ?”

“ಜಗಳ ಯಾಕೆ? ಮಾತಾಡ್ತಾ ಇದ್ರೆ ಯಾವತ್ತಾದ್ರೂ ಬಾಯಿ ತಪ್ಪುತ್ತೆ. ಅದಕ್ಕೇ.”

ಐವತ್ತು ವರ್ಷ. ಬೇಲಿಯ ಆಚೆ ಈಚೆ. ಕಣಿವೆಯೆಲ್ಲ ಅದನ್ನು ಹಗೆ ಎಂದುಕೊಂಡಿತ್ತು.

“ಟಿ ಎಲ್ಲಾ ಅಳಿಸ್ತೀನಿ. ಇವತ್ತೇ.”

“ಅಳಿಸಿ ಎಲ್ಲಿ ಹಾಕ್ತೀಯ? ದಂಡೇಲಾ? ಐಲಿಫನ ತಲೆ ಮೇಲಾ? ಅದು ಬೇಡ.”

“ಹಾಗಾದ್ರೆ ಸುತ್ತುದಾರಿ ಹೋಯ್ತು. ಮೂವತ್ತಕ್ಕೆ ನಕ್ಷೆಯಿಂದ ತೆಗೀತಾರೆ.”

“ಸೇತುವೆ ಕಟ್ಟು.”

“ತೊಲೆ ಎರಡೂ ಮುರಿದಿಲ್ಲ, ಕೆಳಗೆ ಬಂಡೆಗೆ ಸಿಕ್ಕಿವೆ. ಎಳೆಯೋಕೆ ಹನ್ನೆರಡು ಜನ ಬೇಕು. ಜೂನ್‌ನಲ್ಲಿ ಮೂರು ಜನ ಬಂದಿದ್ರು!”

“ಜೂನ್‌ನಲ್ಲಿ ಸರಿಯಾಗಿ ಕೇಳ್ಲಿಲ್ಲ ನೀನು. ಪೇಪರ್ ತಗೋ. ಬರ್ಕೋ.”

ಬರೆದುಕೊಂಡೆ. ಅಂಗಡಿಯ ಬಾಗಿಲಿಗೆ ಅಂಟಿಸಿ ಬಂದೆ. ‘ಶನಿವಾರ, ಭಾನುವಾರ ಸೇತುವೆ ಕೆಲಸ. ಸೇತುವೆ ಆಗದಿದ್ದರೆ ಉತ್ತರ ದಂಡೆಯ ದಾರಿ ಕಾಯಂ. ಮುಂದಿನ ವರ್ಷದಿಂದ ಅಲ್ಲಿಗೇ ಎಲ್ಲ ಪ್ರವಾಸಿಗಳು.’ ಮಾತು ಪೂರ್ತಿ ಅವಳದು. ಅಲ್ಪವಿರಾಮ ಮಾತ್ರ ನನ್ನದು.


ಆಗಸ್ಟ್ 23, ಶನಿವಾರ

ಇಪ್ಪತ್ಮೂರು ಜನ.

ಬೆಳಿಗ್ಗೆ ಆರೂವರೆಗೆ ನಾನು ಹೊಳೆಗೆ ಬಂದಾಗ ಐಲಿಫ್ ಮಾವ ಆಗಲೇ ಅಲ್ಲಿದ್ದರು. ನಾಲ್ಕು ಹಲಗೆ ಬೆನ್ನಿಗೆ ಕಟ್ಟಿಕೊಂಡು ಏಳು ಕಿಲೋಮೀಟರ್ ನಡೆದಿದ್ದಾರೆ. ಎಪ್ಪತ್ತೈದರಲ್ಲಿ.

“ಮಾವ, ಇಷ್ಟೊಂದು ಯಾಕೆ ಹೊತ್ರಿ?”

“ಹಳೇ ಸೇತುವೆ ಅಂದ್ರೆ ಪ್ರೀತಿ ಕಣೋ ನನಗೆ.”

ಅವರ ಹಿಂದೆ ಒಬ್ಬೊಬ್ಬರಾಗಿ ಬಂದರು. ಪಾದ್ರಿ. ಅಂಗಡಿಯವನು. ಶಾಲೆಯ ಅಡುಗೆಯವಳು. ಇಪ್ಪತ್ತು ವರ್ಷದಿಂದ ಬೆನ್ನುನೋವೆಂದು ಯಾವ ಶ್ರಮದಾನಕ್ಕೂ ಬರದ ಮರದ ಮಿಲ್ಲಿನ ಯಜಮಾನ, ಹೆಗಲ ಮೇಲೆ ಹಾರೆ. ಎಲ್ಲರಿಗೂ ಒಂದೊಂದು ಕಾರಣ. ಮಕ್ಕಳಿಗೋಸ್ಕರ. ವ್ಯಾಯಾಮ ಆಗಲಿ ಅಂತ. ದಕ್ಷಿಣ ದಂಡೆಯ ನೋಟವೇ ನೋಟ ಅಂತ. ಪಾದ್ರಿ ಮಾತ್ರ ಕಾರಣ ಹೇಳಲಿಲ್ಲ. ಸುಳ್ಳು ಹೇಳುವಂತಿಲ್ಲವಲ್ಲ, ಕಷ್ಟ.

ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎಲ್ಲರೂ ಬಹಳ ಆಸ್ಥೆಯಿಂದ ಹೊಳೆಯನ್ನೇ ನೋಡುತ್ತಿದ್ದರು. ಅಲ್ಲಿ ನಿಂತು ನನಗೆ ಹೊಳೆದದ್ದು: ಆ ಒಂದು ದಂಡೆಯಲ್ಲಿ ಕಣಿವೆಗೆ ಕಣಿವೆಯೇ ತನ್ನ ಹಣ್ಣಿನ ಜಾಗ ಬಚ್ಚಿಟ್ಟುಕೊಂಡಿದೆ. ಬಂಡೆಗೊಬ್ಬರು, ದಿಬ್ಬಕ್ಕೊಬ್ಬರು. ಒಬ್ಬರ ಬಕೆಟ್ಟಿಗೆ ಇನ್ನೊಬ್ಬರು ತಗಲದ ಹಾಗೆ ಇಷ್ಟು ವರ್ಷ ಹೇಗೆ ನಡೆದರೋ!

ತೊಲೆಗೆ ಹಗ್ಗ ಬಿಗಿದು ಎಳೆದೆವು. ನೀರು ತೊಡೆಯವರೆಗೆ, ಹಿಮ ಕರಗಿದ ನೀರು. ಅಡುಗೆಯವಳು ತಾಳ ಹಾಕಿದಳು, “ಎಳೀರೋ, ಹೊಟ್ಟೆಗೆ ಹಾಕಿದ್ದು ಎಲ್ಲಿ ಹೋಯ್ತು!” ಐಲಿಫ್ ಮಾವ ಮುಂದಿನ ಹಗ್ಗಕ್ಕೆ. ಬಿಡಿ ಎಂದರೆ ಬಿಡಲಿಲ್ಲ. ಮಧ್ಯಾಹ್ನ ಮೊದಲ ತೊಲೆ ದಡಕ್ಕೆ ಬಂದು ಕೂತಿತು. ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು, ಅಷ್ಟೇ. ಅಷ್ಟು ಸಾಕಿತ್ತು.

ಸೇತುವೆಗೆ ಪ್ರಾಸ ಹುಡುಕಿದೆ. ಸಿಗಲಿಲ್ಲ. ಹೆಬ್ಬೆರಳಿಗೆ ಸುತ್ತಿಗೆ ಸಿಕ್ಕಿತು.


ಆಗಸ್ಟ್ 24, ಭಾನುವಾರ

ಆಯಿತು. ಒಂಬತ್ತು ಮೀಟರ್, ಕೈಹಿಡಿ ಎರಡು ಬದಿ. ಪೂಜೆ ಬಿಟ್ಟು ಬಂದ ಪಾದ್ರಿ ಕೊನೆಯ ಮೊಳೆ ಹೊಡೆದರು, ಓರೆಯಾಗಿ.

ರಾಗ್ನಾಗೆ ಫೋಟೊ ಕಳಿಸಿದೆ. ತಕ್ಷಣ ಫೋನ್. “ಇಪ್ಪತ್ಮೂರು ಜನಾನಾ? ಜೂನ್‌ನಲ್ಲಿ ಮೂರು ಜನ ಕಣೋ! ಏನು ಬರೆದಿದ್ದೆ ನೋಟಿಸಲ್ಲಿ?”

“ಪ್ರವಾಸೋದ್ಯಮದ ಮಹತ್ವದ ಬಗ್ಗೆ.”

ಹಳೆಯ ಸುತ್ತೇ ನಕ್ಷೆಗೆ ಹೋಗುತ್ತದೆ. ದಕ್ಷಿಣ ದಂಡೆ, ಐದು ಸರೋವರ, ತುಂಡಿಲ್ಲದ ದಾರಿ.

ವಾಪಸ್ ಬರುವಾಗ ಐಲಿಫ್ ಮಾವ ನನ್ನ ಪಕ್ಕ ನಡೆದರು. ಆಮೇಲೆ: “ಆ ಮೀನು ಕೊಡಬಾರದಿತ್ತು ನಾನು. ಅವತ್ತೇ ಹೇಳಬೇಕಿತ್ತು ನಿನಗೆ.”

“ಹೇಗೆ ಹೇಳ್ತಿದ್ರಿ ಮಾವ?”

“ಅದೇ. ಹೇಗೆ ಹೇಳ್ಲಿ.” ದಾರಿಯನ್ನೇ ನೋಡುತ್ತ, “ಎಷ್ಟು ಹಾಳಾಗಿದೆ... ಅಲ್ಲಿ?”

“ಅರ್ಧ.”

ಅವರು ಹೆಜ್ಜೆ ನಿಲ್ಲಿಸಲಿಲ್ಲ. ತುಟಿ ಮಾತ್ರ ಬಿಗಿಯಾಯಿತು.


ಆಗಸ್ಟ್ 28, ಗುರುವಾರ

ಅಳಿಸಲು ಹೊರಟೆ. ತಂತಿ ಬ್ರಷ್, ಬೂದು ಬಣ್ಣ. ಗೇಟಿನಲ್ಲಿ ದೊಡ್ಡಮ್ಮ. ಎರಡು ಊರುಗೋಲು, ಬೆನ್ನಿಗೆ ಚೀಲ, ಎರಡು ಬಕೆಟ್ ನನ್ನ ಕಡೆ ಚಾಚಿ.

“ಡಾಕ್ಟರು ಏನಂದಿದಾರೆ?”

“ನಡೀಬೇಕು ಅಂದಿದಾರೆ.”

“ಅಂಗಳದಲ್ಲಿ ಅಂದಿರ್ತಾರೆ.”

“ಎಲ್ಲಿ ಅಂತ ಅವರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ನಡಿ.”

ಜಲಾಶಯದ ರಸ್ತೆಯ ಕೊನೆಯವರೆಗೆ ಲಾರಿ. ಅಲ್ಲಿಂದ ಎರಡು ಗಂಟೆಯ ದಾರಿಗೆ ಐದು ಗಂಟೆ ಹಿಡಿಯಿತು. ಹತ್ತು ಹೆಜ್ಜೆ, ನಿಲುಗಡೆ. ನಿಂತಲ್ಲೆಲ್ಲ ಒಂದು ಟಿ ಅಳಿಸಿದೆ. “ಇಲ್ಲಿ ಕೆಂಪು ಉಳಿದಿದೆ” ಎಂದು ಊರುಗೋಲಿನಿಂದ ತೋರಿಸುವಳು. ಏಣಿನ ಮೇಲೆ ಬಿಸಿಲು ಬಂತು. ಎರಡು ಕಡೆಗೂ ನೀರು, ಒಂದು ಕಡೆ ಹಸಿರು, ಒಂದು ಕಡೆ ಕಬ್ಬಿಣದ ಬಣ್ಣ, ನಡುವೆ ನೆಲವೆಲ್ಲ ಶರತ್ಕಾಲದ ಕೆಂಪಿಗೆ ತಿರುಗುತ್ತಿತ್ತು. ಅವಳ ಮುಖ ನೋಡಿದೆ. ನೋವು ಇತ್ತು, ಆದರೆ ಮನೆಗೆ ಬರುವವರ ಮುಖ.

ಕುಳಿಯ ಅಂಚಿನಲ್ಲಿ ನಿಂತಳು. ತುಳಿದದ್ದನ್ನೆಲ್ಲ ನೋಡಿದಳು. ನಾನು ನನ್ನ ಬೂಟನ್ನು ನೋಡಿಕೊಂಡೆ.

“ಪಟ್ಟಣದವರು ದಾರಿ ಬಿಟ್ಟು ಹತ್ತು ಹೆಜ್ಜೆ ಹೋಗಲ್ಲ” ಎಂದಳು. “ಕೊಳದ ಆಚೆ ನೋಡು.”

ಆಚೆ, ಬರ್ಚಿನ ನೆರಳಲ್ಲಿ, ತಡವಾಗಿ ಮಾಗಿದ್ದು. ಒಂದೊಂದೂ ಹೆಬ್ಬೆರಳಿನಷ್ಟು. ಮುಟ್ಟುವ ಮೊದಲೇ ಕೈಗೆ ಬರುವಂಥವು. ಅವಳು ಚಪ್ಪಟೆ ಕಲ್ಲಿನ ಮೇಲೆ ಕೂತು ಹೇಳಿದಳು, ನಾನು ಕಿತ್ತೆ. ಹೇಗೆ ಕಾಲಿಡಬೇಕು, ಯಾವ ಪಾಚಿ ತಡೆಯುತ್ತದೆ, ಮಂಜು ಬೇಗ ಬಿದ್ದ ವರ್ಷ ಮೊದಲು ಯಾವ ಮೂಲೆ. ನಾಲ್ಕನೆಯದೋ ಐದನೆಯದೋ ಹಣ್ಣು ಬಾಯಿಗೆ ಹಾಕಿಕೊಂಡೆ. ಬೇಸಿಗೆಯೆಲ್ಲ ಒಂದು ಗುಟುಕಾಗಿತ್ತು.

ಬಕೆಟ್ ಮುಕ್ಕಾಲು ತುಂಬಿದಾಗ ಹೇಳಿದಳು. “ಇನ್ಮೇಲೆ ನಿಂದು.”

“ನನಗೆ ಆಗಲೇ ಗೊತ್ತಾಗಿತ್ತಲ್ಲ ದೊಡ್ಡಮ್ಮ.”

“ಗೊತ್ತಾಗಿದ್ದು ಬೇರೆ. ಕೊಡ್ತಾ ಇರೋದು ಬೇರೆ.”

ಬಗ್ಗಿ ಕೀಳುತ್ತ ಹೋದೆ. ಬಗ್ಗಿದ್ದರೆ ಮುಖ ಕಾಣುವುದಿಲ್ಲ.

ಹೊರಡುವಾಗ ನಲವತ್ತೊಂದನೆಯದನ್ನು ಅವಳೇ ಅಳಿಸಿದಳು. ಬೂದು ಬಣ್ಣ ಒಣಗುವವರೆಗೂ ಕಾದೆವು. ಈಗ ಅದು ಬರೀ ಕಲ್ಲು.


ಆಗಸ್ಟ್ 31, ಭಾನುವಾರ

ಜಾಮ್ ಎಂಟು ಬಾಟಲಿ. ನಾಲ್ಕು ಅವಳಿಗೆ, ಮೂರು ನನಗೆ. ಒಂದನ್ನು ಐಲಿಫ್ ಮಾವನ ಮೆಟ್ಟಿಲ ಮೇಲೆ ಇಟ್ಟು ಬಾ ಎಂದಳು. ಯಾರು ಕೊಟ್ಟದ್ದು ಎಂದು ಹೇಳಬಾರದಂತೆ. ಇಟ್ಟು ಬಂದೆ. ಕಿಟಕಿಯ ಪರದೆ ಅಲುಗಿತು.

ಹಿಂದಿನ ಪುಟಗಳನ್ನು ತಿರುವಿ ನೋಡಿದೆ. ಯಾರಾದರೂ ಓದಿದರೆ ಇದು ಡೈರಿಯಲ್ಲ, ವಿಳಾಸ. ಬಹಳ ತಪ್ಪುಗಳಿವೆ. ಬರ್ಚ್ ಎಂದು ಬರೆದದ್ದು ಬರ್ಚ್ ಅಲ್ಲ. ಕುಳಿಯೂ ಅಲ್ಲ. ಏಣು ಯಾವ ಕಡೆಗಿತ್ತೋ ಮಂಜಿನಲ್ಲಿ ಸರಿಯಾಗಿ ಕಾಣಲಿಲ್ಲ. ಗುರುವಾರ ನಾವು ಹೋದದ್ದು ದಕ್ಷಿಣ ದಂಡೆಗೆ, ಹೊಸ ಸೇತುವೆ ನೋಡಲು. ಅಲ್ಲಿ ಹಣ್ಣು ಇರಲಿಲ್ಲ. ನೋಟ ಚೆನ್ನಾಗಿತ್ತು. ಜಾಮ್ ಮಾಡಿದ ಹಣ್ಣು ಸಿಕ್ಕಿದ್ದು—